ಗಂತಿಗೂ ಬೇಕು ಗಡಿಯಾರ

ಓಟದ ಸ್ಪರ್ಧೆಯಲ್ಲಿ ಗಡಿಯಾರಕ್ಕೆ ಇರುವುದು ಒಂದೇ ಕೆಲಸ, ಯಾರು ಮೊದಲು ಬಂದರು ಮತ್ತು ಎಷ್ಟು ಹೊತ್ತಿನಲ್ಲಿ ಬಂದರು ಎಂದು ಹೇಳುವುದು, ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಕ್ರೀಡಾಂಗಣದ ನೂರು ಮೀಟರ್ ಓಟಕ್ಕೆ ಈ ತಿಳಿವಳಿಕೆ ಸಾಕಾಗಬಹುದಾದರೂ, ಕೆಸರು, ನೀರು, ಕೋಣ, ಮನುಷ್ಯ ಮತ್ತು ಇಡೀ ಒಂದು ಊರಿನ ಹಗಲಿರುಳು ಸೇರಿ ಆಗುವ ಕಂಬಳಕ್ಕೆ ಅದು ಸಾಲದು. ತುಳುನಾಡಿನ ಕಂಬಳದ ಕರೆಗಳಿಗೆ ಲೇಸರ್ ಕಿರಣದ ತೀರ್ಪು ಮತ್ತು ಎಲೆಕ್ಟ್ರಾನಿಕ್ ಗಡಿಯಾರ ಬಂದು ವರ್ಷಗಳೇ ಕಳೆದಿವೆ. ಸೆಕೆಂಡಿನ ನೂರನೆಯ ಒಂದು ಭಾಗದವರೆಗೆ ಲೆಕ್ಕ ಹಿಡಿದು ಫಲಿತಾಂಶ ಸಾರಲಾಗುತ್ತದೆ. ಆದರೆ ಈ ಗಡಿಯಾರವನ್ನು ಎಲ್ಲಿ ಇಡಬೇಕು, ಅದರಿಂದ ಏನನ್ನು ಅಳೆಯಬೇಕು, ಅಳೆದದ್ದನ್ನು ಯಾವುದಕ್ಕೆ ಬಳಸಬೇಕು ಎಂಬ ಪ್ರಶ್ನೆಗಳು ಇನ್ನೂ ಬಗೆಹರಿದಿಲ್ಲ. ಅವು ಬಗೆಹರಿಯದೆ ಯಂತ್ರದ ನಿಖರತೆಯಿಂದ ಕಂಬಳಕ್ಕೆ ಆಗಬಹುದಾದ ಉಪಕಾರದ ಸಣ್ಣ ಪಾಲು ಮಾತ್ರ ಆಗುತ್ತಿದೆ ಎಂಬುದು ಈ ಲೇಖನದ ವಾದ.

ಇಂಥ ಪ್ರಶ್ನೆಗಳನ್ನು ಎತ್ತುವುದಕ್ಕೆ ಸುರತ್ಕಲ್‌ಗಿಂತ ತಕ್ಕ ನೆಲೆ ಕರಾವಳಿಯಲ್ಲಿ ಸಿಗುವುದು ಕಷ್ಟ. ಮಂಗಳೂರು ನಗರದ ಉತ್ತರ ಭಾಗದ ಈ ಊರಿನಲ್ಲಿ, 1960ರಲ್ಲಿ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಾಗಿ ಆರಂಭವಾಗಿ 2002ರಲ್ಲಿ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಾದ, ಹಳಬರ ಬಾಯಲ್ಲಿ ಇಂದಿಗೂ ಕೆ.ಆರ್.ಇ.ಸಿ. ಆಗಿಯೇ ಉಳಿದಿರುವ ವಿದ್ಯಾಸಂಸ್ಥೆಯಿದೆ. ಅದರ ಎದುರಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಸಾಗಿದರೆ ಹಳೆಯಂಗಡಿ ದಾಟಿದ ಮೇಲೆ ಪಡುಪಣಂಬೂರಿನಲ್ಲಿ ಮೂಲ್ಕಿ ಸೀಮೆಯ ಅರಸು ಕಂಬಳದ ಗದ್ದೆ ಸಿಗುತ್ತದೆ; ಅಲ್ಲಿಂದ ಒಳನಾಡಿಗೆ ತಿರುಗಿದರೆ ಕಿನ್ನಿಗೋಳಿ ಸಮೀಪದ ಐಕಳದಲ್ಲಿ ಕಾಂತಾಬಾರೆ-ಬೂದಾಬಾರೆ ಜೋಡುಕರೆಯಿದೆ; ಅದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಬಂದರೆ ಬಂಗ್ರಕೂಳೂರಿನಲ್ಲಿ ರಾಮ-ಲಕ್ಷ್ಮಣ ಜೋಡುಕರೆಯಿದೆ. ಅಳತೆಯ ಶಾಸ್ತ್ರವನ್ನು ಕಲಿಸುವ ತರಗತಿಗಳೂ, ಅಳತೆಯ ಬಗ್ಗೆ ರಾತ್ರಿಯಿಡೀ ಜಗಳವಾಡುವ ಗದ್ದೆಗಳೂ ಇಷ್ಟು ಹತ್ತಿರ ಹತ್ತಿರ ಇರುವ ಜಾಗ ಕರ್ನಾಟಕದಲ್ಲಿ ಹೆಚ್ಚಿಲ್ಲ.

ಮೊದಲು ಕೆಲವು ಮಾತುಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ‘ಕರೆ’ ಎಂದರೆ ಕೋಣಗಳು ಓಡುವ, ಮರಳು ಮಿಶ್ರಿತ ಕೆಸರು ಮತ್ತು ನೀರು ತುಂಬಿದ ಉದ್ದನೆಯ ಹಾದಿ. ಎರಡು ಕರೆಗಳು ಅಕ್ಕಪಕ್ಕದಲ್ಲಿದ್ದು ಎರಡು ಜೊತೆ ಕೋಣಗಳು ಏಕಕಾಲಕ್ಕೆ ಓಡುವಂತಿದ್ದರೆ ಅದು ಜೋಡುಕರೆ. ಓಟ ಶುರುವಾಗುವ ತುದಿಗೆ ‘ಗಂತು’ ಎಂದೂ, ಓಟ ಮುಗಿದು ಕೋಣಗಳು ಏರನ್ನು ಹತ್ತಿ ನಿಲ್ಲುವ ತುದಿಗೆ ‘ಮಂಜೊಟ್ಟಿ’ ಎಂದೂ ಹೆಸರು. ಕೋಣಗಳ ಹಿಂದೆ ಓಡುವವನು ಹಿಡಿಯುವ ಅಥವಾ ಏರಿ ನಿಲ್ಲುವ ಸಲಕರಣೆಗೆ ತಕ್ಕಂತೆ ಹಗ್ಗ, ನೇಗಿಲು, ಅಡ್ಡಹಲಗೆ ಮತ್ತು ಕನೆಹಲಗೆ ಎಂಬ ವಿಭಾಗಗಳಿದ್ದು, ಹಗ್ಗ ಮತ್ತು ನೇಗಿಲಿನಲ್ಲಿ ಹಿರಿಯ, ಕಿರಿಯ ಎಂಬ ಒಳಭೇದಗಳೂ ಇವೆ. ಕನೆಹಲಗೆಯ ಬಗೆ ಬೇರೆ: ತೂತುಗಳಿರುವ ಹಲಗೆಯ ಮೇಲೆ ಓಟಗಾರ ನಿಂತಾಗ ಅದರ ಕೆಳಗಿಂದ ಚಿಮ್ಮುವ ನೀರು ಎಷ್ಟು ಎತ್ತರಕ್ಕೆ ಹಾರಿತು, ಮೇಲೆ ಕಟ್ಟಿದ ‘ನಿಶಾನೆ’ಯ ಬಟ್ಟೆಯನ್ನು ತೋಯಿಸಿತೇ ಎಂಬುದೇ ಅಲ್ಲಿಯ ಗೆಲುವು, ಆರೂವರೆ ಕೋಲು, ಏಳೂವರೆ ಕೋಲು ಎಂದು ಆ ಎತ್ತರವನ್ನು ಎಣಿಸುವ ಪದ್ಧತಿಯಿದೆ. ದೈವ, ನಾಗ ಮತ್ತು ಬೇಸಾಯದ ಆಚರಣೆಗಳಿಗೆ ಸೇರಿದ ಪೂಕರೆ ಕಂಬಳದಂಥ ಸಾಂಪ್ರದಾಯಿಕ ಕಂಬಳಗಳಲ್ಲಿ ಸೋಲು-ಗೆಲುವಿನ ಮಾತು ಮುಖ್ಯವಲ್ಲವಾದ್ದರಿಂದ ಗಡಿಯಾರದ ಪ್ರಶ್ನೆಯೂ ಅಲ್ಲಿ ಏಳುವುದಿಲ್ಲ. ಇಲ್ಲಿಯ ಚರ್ಚೆ ಪವನು ಲೆಕ್ಕದ ಚಿನ್ನವನ್ನು ಬಹುಮಾನವಾಗಿ ಇಡುವ ಜೋಡುಕರೆಯ ಸ್ಪರ್ಧೆಗಳಿಗೆ ಸೀಮಿತ.

ಮಂಜೊಟ್ಟಿಯಲ್ಲಿ ನಿಂತ ತೀರ್ಪುಗಾರನ ಕಷ್ಟವನ್ನು ಲೆಕ್ಕದ ಮೂಲಕ ಕಂಡರೆ ಲೇಸರ್ ಏಕೆ ಬೇಕಾಯಿತು ಎಂಬುದು ತಿಳಿಯುತ್ತದೆ. ನೂರನಲವತ್ತು ಮೀಟರ್ ಆಸುಪಾಸಿನ ಕರೆಯನ್ನು ಒಳ್ಳೆಯ ಜೊತೆ ಕೋಣಗಳು ಹದಿಮೂರು-ಹದಿನಾಲ್ಕು ಸೆಕೆಂಡಿನಲ್ಲಿ ಮುಗಿಸುತ್ತವೆ, ಅಂದರೆ ಸೆಕೆಂಡಿಗೆ ಸುಮಾರು ಹತ್ತು ಮೀಟರ್. ಈ ವೇಗದಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗವೆಂದರೆ ಹತ್ತು ಸೆಂಟಿಮೀಟರ್, ಅರ್ಧ ಗೇಣಿಗಿಂತಲೂ ಕಡಿಮೆ. ಮನುಷ್ಯ ಒಮ್ಮೆ ರೆಪ್ಪೆ ಬಡಿಯುವಷ್ಟರಲ್ಲಿ ಕೋಣಗಳು ಒಂದು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತವೆ. ಎರಡು ಕರೆಗಳ ನಡುವೆ ಅಂತರವಿರುವುದರಿಂದ ತೀರ್ಪುಗಾರ ಎರಡೂ ಗೆರೆಗಳನ್ನು ಒಂದೇ ನೋಟದಲ್ಲಿ ಹಿಡಿಯಬೇಕು; ಗೊರಸಿನಿಂದ ಎದ್ದ ಕೆಸರುನೀರಿನ ತೆರೆ ಕಣ್ಣಿಗೆ ಅಡ್ಡ ಬರುತ್ತದೆ; ರಾತ್ರಿ ಎರಡು ಗಂಟೆಯ ಹೊತ್ತಿಗೆ ಹೊನಲುಬೆಳಕಿನ ಕೆಳಗೆ ಅವನ ಕಣ್ಣು ಬೆಳಗ್ಗಿನಿಂದ ದುಡಿದು ದಣಿದಿರುತ್ತದೆ. ಇಂಥ ಸ್ಥಿತಿಯಲ್ಲಿ ಕೂದಲೆಳೆಯ ಅಂತರದ ತೀರ್ಪು ಎಷ್ಟೇ ಪ್ರಾಮಾಣಿಕವಾಗಿದ್ದರೂ ಸೋತ ಕೋಣಗಳ ಯಜಮಾನನಿಗೆ ಅದು ಪ್ರಾಮಾಣಿಕವೆಂದು ಕಾಣುವುದು ಕಷ್ಟ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ 55.42 ಸೆಕೆಂಡಿನಲ್ಲಿ ಓಟ ಮುಗಿಸಿ, 55.41 ಸೆಕೆಂಡ್ ತೆಗೆದುಕೊಂಡ ರುಮೇನಿಯಾದ ಓಟಗಾರ್ತಿಗೆ ಕಂಚಿನ ಪದಕವನ್ನು ಬಿಟ್ಟುಕೊಡಬೇಕಾಯಿತು. ಆ ಸೋಲಿನ ನೋವು ಇಡೀ ದೇಶಕ್ಕೆ ತಟ್ಟಿದರೂ ತೀರ್ಪಿನಲ್ಲಿ ಮೋಸವಾಯಿತೆಂದು ದೇಶ ಕೊರಗಬೇಕಾಗಿ ಬರಲಿಲ್ಲ. ಆ ನೆಮ್ಮದಿಯನ್ನು ಕೊಟ್ಟದ್ದು ಯಂತ್ರದ ಸಾಕ್ಷಿ. ಕಂಬಳದ ಯಜಮಾನರಿಗೂ ಓಟಗಾರರಿಗೂ ಅದೇ ನೆಮ್ಮದಿ ಸಿಗಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಆದರೂ ಯಂತ್ರವೇ ತೀರ್ಪು ಕೊಡುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ. ಲೇಸರ್ ತೀರ್ಪಿನ ತತ್ವ ಸರಳವಾದುದು: ಕರೆಯ ಒಂದು ಬದಿಯಿಂದ ಹೊರಟ ಬೆಳಕಿನ ಕಿರಣ ಇನ್ನೊಂದು ಬದಿಯ ಗ್ರಾಹಕದ ಮೇಲೆ ಬೀಳುತ್ತಿರುತ್ತದೆ, ಅಡ್ಡ ಬಂದ ವಸ್ತು ಅದನ್ನು ಕಡಿದ ಕ್ಷಣವೇ ಗಡಿಯಾರ ನಿಲ್ಲುತ್ತದೆ. ಕಿರಣವನ್ನು ಕಡಿದದ್ದು ಯಾವುದು ಎಂದು ಕಿರಣಕ್ಕೆ ಗೊತ್ತಿರುವುದಿಲ್ಲ. ಕತ್ತನ್ನು ಮುಂದಕ್ಕೆ ಚಾಚಿ ಓಡುವ ಕೋಣದ ಮೂತಿ ಅದನ್ನು ಮೊದಲು ಕಡಿಯಬಹುದು. ತಲೆಯೆತ್ತಿ ಓಡುವ ಕೋಣದ ಮೂತಿ ಕಿರಣದ ಮೇಲಿನಿಂದ ಹಾದುಹೋಗಿ ಎದೆಯೇ ಅದನ್ನು ಮೊದಲು ಕಡಿಯಬಹುದು. ಈ ಎರಡರ ನಡುವಿನ ವ್ಯತ್ಯಾಸ ಒಂದೂವರೆ ಗೇಣೆಂದು ಹಿಡಿದರೂ ಅದು ಸೆಕೆಂಡಿನ ನೂರನೆಯ ಮೂರು ಭಾಗಗಳಷ್ಟಾಗಿ, ಗಡಿಯಾರದ ಅತಿ ಸಣ್ಣ ಅಂಕೆಯನ್ನು ಮೀರಿಸಿಬಿಡುತ್ತದೆ. ಮನುಷ್ಯರ ಓಟದಲ್ಲಿ ತಲೆ, ಕೈ, ಕಾಲುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮುಂಡ ಗೆರೆಯನ್ನು ಮುಟ್ಟಿದ್ದನ್ನೇ ಪರಿಗಣಿಸಬೇಕೆಂದೂ, ಕುದುರೆ ಜೂಜಿನಲ್ಲಿ ಮೂಗನ್ನೇ ನೋಡಬೇಕೆಂದೂ ನಿಯಮ ಸ್ಪಷ್ಟವಾಗಿದೆ. ಹಾಗೆಯೇ ಕಂಬಳದಲ್ಲೂ ಜೊತೆಯ ಎರಡು ಕೋಣಗಳಲ್ಲಿ ಯಾವುದರ, ದೇಹದ ಯಾವ ಭಾಗ, ನೆಲದಿಂದ ಎಷ್ಟು ಎತ್ತರದಲ್ಲಿ ಗೆರೆಯನ್ನು ಮುಟ್ಟಬೇಕು ಎಂಬುದು ಬರಹದಲ್ಲಿದ್ದು, ಓಟಕ್ಕೆ ಮೊದಲೇ ಎಲ್ಲರಿಗೂ ಓದಿ ಹೇಳಿದಂತಿರಬೇಕು. ಯಂತ್ರವನ್ನು ತಂದೊಡನೆ ಜಗಳ ತೀರುತ್ತದೆ ಎಂದು ನಂಬುವವರು ಮರೆಯುವ ಸಂಗತಿಯೆಂದರೆ, ಯಂತ್ರ ಬಂದ ಮೇಲೆ ಜಗಳ ಕಣ್ಣಿನಿಂದ ನಿಯಮಕ್ಕೆ ವರ್ಗವಾಗುತ್ತದೆ. ನಿಯಮ ಬರಹದಲ್ಲಿ ಇಲ್ಲದಿದ್ದರೆ ಜಗಳ ಇದ್ದಲ್ಲೇ ಇರುತ್ತದೆ. ಲೇಸರಿನ ಜೊತೆಗೆ ಗೆರೆಯೊಂದನ್ನೇ ಸೆಕೆಂಡಿಗೆ ಸಾವಿರಾರು ಬಾರಿ ಚಿತ್ರಿಸುವ ಕ್ಯಾಮೆರಾ, ಅಂದರೆ ಫೋಟೊ ಫಿನಿಶ್ ವ್ಯವಸ್ಥೆ, ಇದ್ದರೆ ಕಿರಣವನ್ನು ಕಡಿದದ್ದು ಮೂತಿಯೋ ಎದೆಯೋ ಹಾರಿದ ಕೆಸರಿನ ಮುದ್ದೆಯೋ ಎಂಬುದು ಕಾಣುತ್ತದೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್ ಹೊತ್ತಿಗೇ ಇಂಥ ಕ್ಯಾಮೆರಾದ ಬಳಕೆ ಶುರುವಾಗಿತ್ತು ಎಂಬುದನ್ನು ನೆನೆದರೆ, ಕಂಬಳಕ್ಕೆ ಅದು ದುಬಾರಿಯ ಹೊಸ ಹುಚ್ಚು ಎಂಬ ಆಕ್ಷೇಪಕ್ಕೆ ಹೆಚ್ಚು ತೂಕ ಉಳಿಯುವುದಿಲ್ಲ.

ಗೆರೆಯ ಮೇಲಿನ ನ್ಯಾಯಕ್ಕಾಗಿ ಬಂದ ಗಡಿಯಾರ ಬೇರೊಂದು ದಾರಿ ಹಿಡಿದದ್ದು 2020ರ ಫೆಬ್ರವರಿಯಲ್ಲಿ. ಆ ತಿಂಗಳ 1ರಂದು ಐಕಳದ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದರು. ಈ ಅಂಕೆಯನ್ನು ಯಾರೋ ನೂರು ಮೀಟರಿಗೆ ಭಾಗಿಸಿ 9.55 ಸೆಕೆಂಡ್ ಎಂದು ಲೆಕ್ಕ ಹಾಕಿದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಸ್ಥಾಪಿಸಿದ 9.58 ಸೆಕೆಂಡಿನ ವಿಶ್ವದಾಖಲೆಗಿಂತ ಇದು ಕಡಿಮೆಯೆಂಬ ಸುದ್ದಿ ಜಗತ್ತಿನಾದ್ಯಂತ ಹರಡಿತು. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಭಾರತೀಯ ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಗೌಡರನ್ನು ಆಹ್ವಾನಿಸಿದರು. ಗೌಡರು ಅದನ್ನು ವಿನಯದಿಂದಲೇ ನಿರಾಕರಿಸಿದರು. ಕೆಲವೇ ದಿನಗಳಲ್ಲಿ ವೇಣೂರಿನ ಸೂರ್ಯ-ಚಂದ್ರ ಜೋಡುಕರೆಯಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದಾಗ ಅದನ್ನೂ ನೂರು ಮೀಟರಿಗೆ 9.51 ಸೆಕೆಂಡ್ ಎಂದು ಇಳಿಸಲಾಯಿತು. ಮುಂದಿನ ವರ್ಷಗಳಲ್ಲಿ ಇಂಥ ದಾಖಲೆಗಳ ಬಗ್ಗೆಯೇ ತಕರಾರುಗಳು ಎದ್ದವು.

ಗೌಡರ ಸಾಮರ್ಥ್ಯ ದೊಡ್ಡದು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಭಾಗಾಕಾರ ತಪ್ಪು, ಮತ್ತು ಅದು ಕಂಬಳಕ್ಕೆ ಉಪಕಾರಕ್ಕಿಂತ ಹೆಚ್ಚು ಅಪಕಾರವನ್ನು ಮಾಡಿತು. ಮಂಜೊಟ್ಟಿಯ ಗಡಿಯಾರ ಅಳೆದದ್ದು ಎರಡು ಕೋಣ ಮತ್ತು ಒಬ್ಬ ಮನುಷ್ಯ ಸೇರಿದ ಕೂಟವನ್ನು. ಅದು ನಿಂತದ್ದು ಕೋಣ ಗೆರೆಯನ್ನು ಮುಟ್ಟಿದಾಗ, ಹಿಂದಿರುವ ಮನುಷ್ಯ ಮುಟ್ಟಿದಾಗಲ್ಲ. ಮನುಷ್ಯನ ಕೈಯಲ್ಲಿರುವ ಹಗ್ಗ ಅವನನ್ನು ಎಳೆಯುತ್ತಿರುತ್ತದೆ. ಅವನ ಕಾಲನ್ನು ಕೆಸರು ಹಿಡಿಯುತ್ತಿರುತ್ತದೆ. ಇವೆರಡರಲ್ಲಿ ಯಾವುದು ಎಷ್ಟು ಎಂಬುದನ್ನು ಯಾವ ಗಡಿಯಾರವೂ ಬೇರ್ಪಡಿಸದು. ಬೋಲ್ಟ್‌ನ 9.58 ಸೆಕೆಂಡಿನಲ್ಲಿ ಪಿಸ್ತೂಲಿನ ಸದ್ದು ಕೇಳಿ ಅವನು ಅಲುಗುವ ಮೊದಲೇ ಕಳೆದುಹೋದ 0.146 ಸೆಕೆಂಡ್ ಕೂಡ ಸೇರಿದೆ. ಸದ್ದಿನಿಂದ ಸೆಕೆಂಡಿನ ಹತ್ತನೆಯ ಒಂದು ಭಾಗ ಕಳೆಯುವ ಮೊದಲು ಅಲುಗಿದವನನ್ನು ತಪ್ಪು ಆರಂಭ ಮಾಡಿದವನೆಂದು ಹೊರಗಿಡುವ ನಿಯಮವೂ ಅಲ್ಲಿದೆ. ಗಾಳಿ ಬೆನ್ನಿಗೆ ಸೆಕೆಂಡಿಗೆ ಎರಡು ಮೀಟರಿಗಿಂತ ಹೆಚ್ಚು ಬೀಸಿದರೆ ಅಲ್ಲಿ ದಾಖಲೆಯೇ ಇಲ್ಲ. 1977ರಿಂದ ಈಚೆಗೆ 400 ಮೀಟರ್‌ವರೆಗಿನ ಓಟಗಳಲ್ಲಿ ಪೂರ್ತಿ ಸ್ವಯಂಚಾಲಿತ ಗಡಿಯಾರವಿಲ್ಲದೆ ವಿಶ್ವದಾಖಲೆಯನ್ನು ಒಪ್ಪುವುದಿಲ್ಲ. ಕಂಬಳದಲ್ಲಾದರೆ ಕರೆಯಿಂದ ಕರೆಗೆ ಉದ್ದ ಬೇರೆ, ಕೆಸರಿನ ಹದ ಬೇರೆ, ಬೆಳಗ್ಗಿನ ನೀರಿನ ಮಟ್ಟ ನಡುರಾತ್ರಿಯ ಮಟ್ಟಕ್ಕಿಂತ ಬೇರೆ. ಐಕಳದ 13.62 ಸೆಕೆಂಡನ್ನು ವೇಣೂರಿನ 13.61 ಸೆಕೆಂಡಿನೊಂದಿಗೆ ಹೋಲಿಸುವುದೇ ಕಷ್ಟವಾಗಿರುವಾಗ ಬರ್ಲಿನ್‌ನೊಂದಿಗೆ ಹೋಲಿಸುವ ಮಾತು ದೂರವೇ ಉಳಿಯಿತು. ಕಂಬಳದ ಓಟಗಾರ ತನ್ನ ಗದ್ದೆಯಲ್ಲಿ, ತನ್ನ ಕೋಣಗಳ ಜೊತೆಯಲ್ಲಿ ದೊಡ್ಡವನು. ಅವನನ್ನು ಪರದೇಶದ ಅಳತೆಗೋಲಿನಿಂದ ದೊಡ್ಡವನನ್ನಾಗಿಸಲು ಹೋದವರು ಆ ಅಳತೆಗೋಲಿನ ಎದುರು ಅವನನ್ನು ಸಂಶಯದ ವಸ್ತುವನ್ನಾಗಿ ಮಾಡಿಬಿಟ್ಟರು.

ಗಡಿಯಾರದ ಇನ್ನೊಂದು ಬಳಕೆಯನ್ನು ಅರಿಯಲು ಕೆಸರುಗದ್ದೆಯಿಂದ ಬೆಟ್ಟಕ್ಕೆ ಹೋಗಬೇಕು. ಉತ್ತರ ಇಂಗ್ಲೆಂಡಿನ ಬೋಳು ಬೆಟ್ಟಗಳಿಗೆ ‘ಫೆಲ್’ ಎಂಬ ಹೆಸರಿದ್ದು, ಅವುಗಳನ್ನು ಹತ್ತಿ ಇಳಿಯುವ ಓಟಕ್ಕೆ ಫೆಲ್ ರನ್ನಿಂಗ್ ಎನ್ನುತ್ತಾರೆ. ಅಲ್ಲಿ ಹಾದಿಯನ್ನು ಗುರುತು ಹಾಕಿರುವುದಿಲ್ಲ, ಓಟಗಾರ ನಕ್ಷೆ ಮತ್ತು ದಿಕ್ಸೂಚಿಯಿಂದ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುವುದೇ ಹೆಚ್ಚು. ದಾರಿಯುದ್ದಕ್ಕೂ ಕೆಲವು ‘ತಪಾಸಣೆಯ ಠಾಣೆ’ಗಳಿದ್ದು, ಪ್ರತಿಯೊಬ್ಬನೂ ಅವುಗಳನ್ನು ಮುಟ್ಟಿಯೇ ಹೋಗಬೇಕು. ಹಿಂದೆ ಕಾಗದದ ಚೀಟಿ ಮತ್ತು ಪೆನ್ಸಿಲ್ಲಿನಿಂದ ನಡೆಯುತ್ತಿದ್ದ ಈ ಲೆಕ್ಕ ಈಗ ಅನೇಕ ಕಡೆ ಬೆರಳಿಗೆ ಕಟ್ಟಿಕೊಳ್ಳುವ ಚಿಕ್ಕ ಎಲೆಕ್ಟ್ರಾನಿಕ್ ಕಡ್ಡಿಯಿಂದ ನಡೆಯುತ್ತದೆ. ಠಾಣೆಯ ಪೆಟ್ಟಿಗೆಯ ತೂತಿಗೆ ಅದನ್ನು ತೂರಿಸಿದರೆ ‘ಬೀಪ್’ ಎಂದು ಸದ್ದಾಗಿ ಠಾಣೆಯ ಸಂಖ್ಯೆ ಮತ್ತು ಹೊತ್ತು ಕಡ್ಡಿಯಲ್ಲಿ ದಾಖಲಾಗುತ್ತದೆ. ಸರಳತೆಯನ್ನೇ ತಮ್ಮ ಕ್ರೀಡೆಯ ಜೀವವೆಂದು ನಂಬಿದ ಅಲ್ಲಿಯವರಿಗೂ ಈ ಕಡ್ಡಿ ಒಪ್ಪಿಗೆಯಾಗುವುದಕ್ಕೆ ವೇಗದ ಅಳತೆಗಿಂತ ದೊಡ್ಡ ಕಾರಣವಿದೆ: ಬೆಟ್ಟಕ್ಕೆ ಹೋದವರು ಎಷ್ಟು ಮಂದಿ, ಇಳಿದು ಬಂದವರು ಎಷ್ಟು ಮಂದಿ, ಇನ್ನೂ ಮಂಜಿನಲ್ಲಿ ಉಳಿದವರು ಯಾರು ಎಂಬ ಲೆಕ್ಕ ಅದರಿಂದ ಸಿಗುತ್ತದೆ. ಆದರೆ ಲೆಕ್ಕ ಸಿಕ್ಕರೆ ಸಾಲದು, ಅದನ್ನು ನೋಡಿ ನಡೆದುಕೊಳ್ಳುವವರೂ ಬೇಕು. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತದಲ್ಲಿ ನಡೆದ ನೂರು ಕಿಲೋಮೀಟರ್ ಬೆಟ್ಟದೋಟದಲ್ಲಿ ಓಟಗಾರರ ಬಳಿ ತಾವಿರುವ ಜಾಗವನ್ನು ತಿಳಿಸುವ ಸಾಧನಗಳಿದ್ದರೂ, ಆಲಿಕಲ್ಲು ಮತ್ತು ಕೊರೆಯುವ ಗಾಳಿಗೆ ಸಿಕ್ಕಿ 172 ಮಂದಿಯಲ್ಲಿ 21 ಮಂದಿ ಸತ್ತರು.

ಈ ಬೆಟ್ಟದ ಅನುಭವದಿಂದ ಕಂಬಳ ಕಲಿಯಬೇಕಾದದ್ದು ಏನು ಎಂಬಲ್ಲಿ ಈ ಲೇಖನದ ಮುಖ್ಯ ಮಾತಿದೆ. ಒಂದು ಕಂಬಳಕ್ಕೆ ಎಲ್ಲ ವಿಭಾಗಗಳೂ ಸೇರಿ 150 ಜೊತೆ ಕೋಣಗಳು ಬಂದಿವೆ ಎಂದಿಟ್ಟುಕೊಂಡರೆ, ಮತ್ತು ಸೋತ ಜೊತೆ ಹೊರಗೆ ಹೋಗಿ ಗೆದ್ದ ಜೊತೆ ಮುಂದಿನ ಸುತ್ತಿಗೆ ಏರುವ ಕ್ರಮದಲ್ಲಿ ಆರು ವಿಭಾಗಗಳಿಗೆ ಆರು ಜೊತೆಗಳು ಕೊನೆಗೆ ಗೆದ್ದು ಉಳಿಯುತ್ತವೆ ಎಂದರೆ, ಒಟ್ಟು 144 ಓಟಗಳು ನಡೆಯಬೇಕಾಗುತ್ತದೆ. ಒಂದು ಓಟಕ್ಕೆ ಹದಿನಾಲ್ಕು ಸೆಕೆಂಡ್ ಹಿಡಿದರೆ ಈ 144 ಓಟಗಳಿಗೆ ಬೇಕಾದ ಒಟ್ಟು ಹೊತ್ತು 34 ನಿಮಿಷ ಮಾತ್ರ. ಆದರೆ ಪ್ರತಿ ಓಟಕ್ಕೂ ಗಂತಿನಲ್ಲಿ ಹತ್ತು ನಿಮಿಷ ತಡವಾದರೆ ಅದೇ ಕಂಬಳ ಮುಗಿಯಲು 24 ಗಂಟೆ ಬೇಕು. ಐದು ನಿಮಿಷಕ್ಕೆ ಮುಗಿದರೆ 12 ಗಂಟೆ ಸಾಕು. ಇದು ಬರೀ ಲೆಕ್ಕದ ಉದಾಹರಣೆಯಾದರೂ, ಶನಿವಾರ ಬೆಳಗ್ಗೆ ಆರಂಭವಾದ ಕಂಬಳ ಭಾನುವಾರ ಬಿಸಿಲೇರಿದ ಮೇಲೂ ನಡೆಯುವುದನ್ನು ಕಂಡವರಿಗೆ ಇದರ ಸತ್ಯ ಹೊಸದಲ್ಲ. ಮಂಜೊಟ್ಟಿಯ ಗಡಿಯಾರ 34 ನಿಮಿಷಗಳನ್ನು ನೂರನೆಯ ಭಾಗದವರೆಗೆ ಅಳೆಯುತ್ತಿದ್ದರೆ, ಉಳಿದ 23 ಗಂಟೆಗಳಿಗೆ ಲೆಕ್ಕವೇ ಇಲ್ಲ.

ಆ ಗಂಟೆಗಳು ಕಳೆಯುವ ಬಗೆಯನ್ನು ಗಂತಿನ ಬಳಿ ನಿಂತು ನೋಡಬೇಕು. ಒಂದು ಜೊತೆ ಕರೆಗೆ ಇಳಿದು ಸರಿಯಾಗಿ ನಿಂತಿರುತ್ತದೆ. ಪಕ್ಕದ ಕರೆಯ ಜೊತೆ ಇನ್ನೂ ಬಂದಿರುವುದಿಲ್ಲ. ಅದು ಬರುವಷ್ಟರಲ್ಲಿ ಮೊದಲಿನದು ಅಡ್ಡ ತಿರುಗುತ್ತದೆ. ಅದನ್ನು ನೇರ ಮಾಡುವಷ್ಟರಲ್ಲಿ ಎರಡನೆಯದು ಹಿಂದಕ್ಕೆ ಜಗ್ಗುತ್ತದೆ. ಮೂಗುದಾರ ಹಿಡಿದ ನಾಲ್ಕಾರು ಮಂದಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಒಬ್ಬರ ಮುಖವನ್ನೊಬ್ಬರು ನೋಡುತ್ತ, ಎದುರಾಳಿಯ ಕೋಣಗಳು ದಣಿಯಲೆಂದು ಒಂದು ಗಳಿಗೆ ಹೆಚ್ಚು ಕಾಯುವುದೂ ಉಂಟು. ಧ್ವನಿವರ್ಧಕದಲ್ಲಿ ಬೇಗ ಬಿಡಿ ಎಂಬ ಮನವಿ ಮತ್ತೆ ಮತ್ತೆ ಕೇಳುತ್ತದೆ, ಆದರೆ ಮನವಿಗೆ ಅವಧಿಯಿಲ್ಲ, ದಂಡವಿಲ್ಲ. ಹೀಗೆ ನಿಂತ ಕೋಣಗಳ ಮೈ ಹಗಲಿನಲ್ಲಿ ಒಣಗುತ್ತದೆ, ರಾತ್ರಿಯಲ್ಲಿ ನಡುಗುತ್ತದೆ. ಕೋಣಗಳಿಗೆ ಕಂಬಳದಲ್ಲಿ ಆಗುವ ಶ್ರಮದ ದೊಡ್ಡ ಪಾಲು ಹದಿನಾಲ್ಕು ಸೆಕೆಂಡಿನ ಓಟದಲ್ಲಿಲ್ಲ, ಈ ಕಾಯುವಿಕೆಯಲ್ಲಿದೆ. ಗಂತಿನಲ್ಲಿ ಸ್ವಯಂಚಾಲಿತ ಗೇಟು ಮತ್ತು ಇಳಿಗಣನೆಯ ಗಡಿಯಾರವನ್ನು ಇಡುವ ಪ್ರಯತ್ನ ಇತ್ತೀಚಿನ ಋತುಗಳಲ್ಲಿ ನಡೆದಿರುವುದು, ಕಂಬಳವನ್ನು 24 ಗಂಟೆಯೊಳಗೆ ಮುಗಿಸಬೇಕೆಂಬ ಮಾತು ಸಂಘಟಕರಿಂದಲೇ ಬಂದಿರುವುದು ಮೆಚ್ಚತಕ್ಕ ಸಂಗತಿ. ಅದು ಪ್ರಯೋಗವಾಗಿ ನಿಲ್ಲದೆ ಎಲ್ಲ ಕರೆಗಳ ಕಡ್ಡಾಯ ನಿಯಮವಾಗಬೇಕು.

ಇದಕ್ಕೆ ಕಾನೂನಿನ ಕಾರಣವೂ ಇದೆ. ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟದ ವಿರುದ್ಧ ಸುಪ್ರೀಂ ಕೋರ್ಟ್ 2014ರ ಮೇ 7ರಂದು ಕೊಟ್ಟ ತೀರ್ಪಿನ ಬೆನ್ನಿಗೆ ಕಂಬಳಕ್ಕೂ ಸಂಕಷ್ಟ ಬಂದು, 2016ರಲ್ಲಿ ಹೈಕೋರ್ಟಿನ ಮಧ್ಯಂತರ ಆದೇಶದಿಂದ ಅದು ನಿಂತುಹೋಗಿತ್ತು. 2017ರಲ್ಲಿ ಕರ್ನಾಟಕ ಸರ್ಕಾರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. ಆ ತಿದ್ದುಪಡಿಯನ್ನು ತಮಿಳುನಾಡು ಮತ್ತು ಮಹಾರಾಷ್ಟ್ರದ ತಿದ್ದುಪಡಿಗಳ ಜೊತೆಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿಯಿತು, ಜೊತೆಗೆ ನಿಯಮಗಳ ಕಟ್ಟುನಿಟ್ಟಿನ ಪಾಲನೆಯ ಹೊಣೆಯನ್ನು ಜಿಲ್ಲಾಡಳಿತದ ಮೇಲೆ ಇಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕಂಬಳ ನಡೆಯಿತು. ಈ ಗೆಲುವಿನ ಸಂತೋಷದಲ್ಲಿ ಮರೆಯಬಾರದ ಸಂಗತಿಯೆಂದರೆ, ಕಂಬಳಕ್ಕೆ ಸಿಕ್ಕ ಒಪ್ಪಿಗೆ ಕೋಣಗಳಿಗೆ ಅನಗತ್ಯ ನೋವಾಗದು ಎಂಬ ಭರವಸೆಯ ಮೇಲೆ ನಿಂತಿದೆ. ಆ ಭರವಸೆಯನ್ನು ಬಾಯಿಮಾತಿನಿಂದ ಕಾಪಾಡಿಕೊಳ್ಳುವುದಕ್ಕಿಂತ ದಾಖಲೆಯಿಂದ ಕಾಪಾಡಿಕೊಳ್ಳುವುದು ಗಟ್ಟಿ. ದೇಶದಾದ್ಯಂತ ದನ ಮತ್ತು ಎಮ್ಮೆ-ಕೋಣಗಳ ಕಿವಿಗೆ ಹನ್ನೆರಡು ಅಂಕೆಗಳ ಗುರುತಿನ ಬಿಲ್ಲೆ ಹಾಕುವ ಪದ್ಧತಿ ಈಗಾಗಲೇ ಇದೆ. ಕೋಣ ಗದ್ದೆಗೆ ಬಂದ ಹೊತ್ತು, ಪಶುವೈದ್ಯರು ನೋಡಿದ ಹೊತ್ತು, ಗಂತಿಗೆ ಇಳಿದ ಹೊತ್ತು, ಬಿಟ್ಟ ಹೊತ್ತು, ಮಂಜೊಟ್ಟಿ ಮುಟ್ಟಿದ ಹೊತ್ತು, ಮುಂದಿನ ಓಟಕ್ಕೆ ಮೊದಲು ಸಿಕ್ಕ ವಿಶ್ರಾಂತಿ, ಇವಿಷ್ಟನ್ನು ಬೆಟ್ಟದೋಟದ ಠಾಣೆಗಳಂತೆ ಆ ಅಂಕೆಗೆ ಜೋಡಿಸಿ ಬರೆದಿಟ್ಟರೆ, ನಾಳೆ ಯಾರಾದರೂ ನ್ಯಾಯಾಲಯದಲ್ಲಿ ಪ್ರಶ್ನೆ ಎತ್ತಿದಾಗ ಕಂಬಳ ಸಮಿತಿಯ ಕೈಯಲ್ಲಿ ಉತ್ತರವಿರುತ್ತದೆ. ಉತ್ತರ ಪ್ರತಿಕೂಲವಾಗಿದ್ದರೆ ತಿದ್ದಿಕೊಳ್ಳುವ ದಾರಿಯೂ ಕಾಣುತ್ತದೆ.

ಇಷ್ಟೆಲ್ಲ ಯಂತ್ರ ತಂದರೆ ಕಂಬಳದ ದೈವಿಕತೆ ಕರಗಿಹೋಗುತ್ತದೆ ಎಂಬ ಆತಂಕ ಹಿರಿಯರಲ್ಲಿದೆ, ಮತ್ತು ಅದು ಗೌರವದಿಂದ ಕೇಳಬೇಕಾದ ಮಾತು. ಗದ್ದೆಗೆ ಕೈಮುಗಿದು ಇಳಿಯುವ ನಂಬಿಕೆ ಗಡಿಯಾರದಿಂದ ಹುಟ್ಟಿದ್ದಲ್ಲ, ಗಡಿಯಾರದಿಂದ ಸಾಯುವಂಥದೂ ಅಲ್ಲ. ಹೊನಲುಬೆಳಕು, ಧ್ವನಿವರ್ಧಕ, ಕೋಣಗಳನ್ನು ತರುವ ಲಾರಿ ಇವು ಬಂದಾಗಲೂ ಅದು ಉಳಿದುಕೊಂಡಿತು. ಹೆಚ್ಚು ಬಲವಾದ ಆಕ್ಷೇಪ ಇನ್ನೊಂದಿದೆ: ಸೆಕೆಂಡಿನ ನೂರನೆಯ ಭಾಗ ಕಣ್ಣಿಗೆ ಕಾಣುವಂತಾದರೆ ಅದನ್ನು ಉಳಿಸುವ ಆಸೆಯಲ್ಲಿ ಬೆತ್ತದ ಏಟು ಹೆಚ್ಚಾಗುತ್ತದೆ. ಮಂಜೊಟ್ಟಿಯಲ್ಲಿ ಮಾತ್ರ ಗಡಿಯಾರವಿದ್ದು ದಾಖಲೆಯ ಸುದ್ದಿಗೆ ಮಾತ್ರ ಬೆಲೆಯಿರುವಲ್ಲಿ ಇದು ನಿಜವಾಗುವ ಭಯ ಇದ್ದೇ ಇದೆ. ಆದ್ದರಿಂದಲೇ ಅಂಕೆಯನ್ನು ಎರಡು ಜೊತೆಗಳ ನಡುವಿನ ಅಂತರವಾಗಿ ಪ್ರಕಟಿಸಬೇಕೇ ಹೊರತು ನೂರು ಮೀಟರಿಗೆ ಇಳಿಸಿದ ವೇಗವಾಗಿ ಪ್ರಕಟಿಸಬಾರದು. ಗೆರೆಯನ್ನು ನೋಡುವ ಕ್ಯಾಮೆರಾದಂತೆ ಕರೆಯುದ್ದಕ್ಕೂ ಬೆತ್ತವನ್ನು ನೋಡುವ ಕ್ಯಾಮೆರಾವೂ ಇರಬೇಕು. ಕನೆಹಲಗೆಯ ವಿಭಾಗದಲ್ಲಂತೂ ನೀರು ನಿಶಾನೆಯನ್ನು ಮುಟ್ಟಿತೋ ಇಲ್ಲವೋ ಎಂದು ತಲೆಯೆತ್ತಿ ನೋಡುವ ತೀರ್ಪುಗಾರನ ಕಣ್ಣೇ ಮುಂದೆಯೂ ಇರಲಿ. ತೊಯ್ದ ಬಟ್ಟೆಗಿಂತ ಸ್ಪಷ್ಟವಾದ ಸಾಕ್ಷಿಯನ್ನು ಯಾವ ಯಂತ್ರವೂ ಕೊಡಲಾರದು.

ಉಳಿದ ಪ್ರಶ್ನೆ ನಂಬಿಕೆಯದು. ಯಂತ್ರವನ್ನು ಮಾಡಿದವರೇ ಅದನ್ನು ನಡೆಸಿ, ಅವರೇ ಅದು ಸರಿಯಿದೆ ಎಂದು ಹೇಳುವ ವ್ಯವಸ್ಥೆಯಲ್ಲಿ ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ತಕರಾರಿಗೆ ಎಡೆಯಿರುತ್ತದೆ. ಊರಿನ ಅಂಗಡಿಯ ತಕ್ಕಡಿಗೂ ಸರ್ಕಾರದ ಮುದ್ರೆ ಬೀಳುವಾಗ ಚಿನ್ನದ ಬಹುಮಾನವನ್ನು ತೀರ್ಮಾನಿಸುವ ಗಡಿಯಾರಕ್ಕೆ ಮೂರನೆಯವರ ಪರೀಕ್ಷೆ ಬೇಡವೇ? ಗಂತಿನ ಮತ್ತು ಮಂಜೊಟ್ಟಿಯ ಕಿರಣಗಳ ಎತ್ತರ ಸಮನಾಗಿದೆಯೇ, ಎರಡು ಕರೆಗಳ ಗೆರೆಗಳು ಒಂದೇ ನೇರದಲ್ಲಿವೆಯೇ, ತಂತಿಯಲ್ಲಿ ಸಂಕೇತ ಸಾಗಲು ತಡವಾಗುತ್ತದೆಯೇ, ಹಾರುವ ಕೆಸರು ಕಿರಣವನ್ನು ಕಡಿದರೆ ಯಂತ್ರ ಅದನ್ನು ಹೇಗೆ ಗುರುತಿಸುತ್ತದೆ ಎಂಬ ಪ್ರಶ್ನೆಗಳಿಗೆ ಸುರತ್ಕಲ್‌ನ ಸಂಸ್ಥೆಯ ವಿದ್ಯಾರ್ಥಿಗಳು ಒಂದು ಋತುವಿನಲ್ಲಿ ಉತ್ತರ ಕೊಡಬಲ್ಲರು. ನವೆಂಬರಿನಿಂದ ಮಾರ್ಚ್‌ವರೆಗೆ ವಾರಾಂತ್ಯಗಳಲ್ಲಿ ತಮ್ಮ ಊರಿನ ಎರಡು ಮಗ್ಗುಲಿನಲ್ಲೂ ನಡೆಯುವ ಈ ಸ್ಪರ್ಧೆಗಳಿಗಿಂತ ಹತ್ತಿರದ ಪ್ರಯೋಗಶಾಲೆ ಅವರಿಗೆ ಬೇರೆಲ್ಲಿ ಸಿಗುತ್ತದೆ? ಸಂಸ್ಥೆ ಮತ್ತು ಕಂಬಳ ಸಮಿತಿಗಳು ಒಟ್ಟಿಗೆ ಕುಳಿತು ಯಂತ್ರವನ್ನು ಪರೀಕ್ಷಿಸಿ, ಅದರ ಫಲವನ್ನು ಕನ್ನಡದಲ್ಲಿ ಮತ್ತು ತುಳುವಿನಲ್ಲಿ ಎಲ್ಲ ಯಜಮಾನರಿಗೂ ತಿಳಿಸುವುದು ಕಷ್ಟದ ಕೆಲಸವೇನಲ್ಲ.

ಮುಂದಿನ ಋತುವಿನ ಮೊದಲ ಜೊತೆ ಕರೆಗೆ ಇಳಿಯುವ ಮೊದಲು ಕಂಬಳ ಸಮಿತಿಗಳು ಎರಡು ಕೆಲಸಗಳನ್ನಾದರೂ ಮಾಡಲಿ. ಪ್ರತಿ ಕರೆಯ ಉದ್ದವನ್ನು ಯಜಮಾನರ ಎದುರಿನಲ್ಲೇ ಅಳೆದು ಮಂಜೊಟ್ಟಿಯ ಫಲಕದ ಮೇಲೆ ಬರೆಸಲಿ. ಮಂಜೊಟ್ಟಿಯಲ್ಲಿರುವಂಥದೇ ದೊಡ್ಡ ಅಂಕೆಗಳ ಗಡಿಯಾರವನ್ನು ಗಂತಿನಲ್ಲಿ, ಕೋಣ ಬಿಡುವವರಿಗೂ ಗದ್ದೆಯಂಚಿನ ಪ್ರೇಕ್ಷಕರಿಗೂ ಕಾಣುವಂತೆ ನಿಲ್ಲಿಸಿ, ಅದು ಐದು ನಿಮಿಷದಿಂದ ಸೊನ್ನೆಗೆ ಇಳಿದ ಮೇಲೂ ಬಿಡಲು ಸಿದ್ಧವಾಗದ ಜೊತೆಯನ್ನು ಆ ಓಟದಿಂದ ಹಿಂದಕ್ಕೆ ಕರೆಯಲಿ.